ಸಣ್ಣ ಪದಗಳ ದೊಡ್ಡ ಸಂಸಾರ

ಇಂಗ್ಲಿಷ್ ನಿಘಂಟು ಕೈಗೆ ಬಂದರೆ ನಾನು ಬಾಯಿ ತಿರುಗದ ಪದಗಳತ್ತ ಹೋಗುವುದು ಕಡಿಮೆ. 'ಡಿಫೆನೆಸ್ಟ್ರೇಷನ್' ಎಂದರೆ ಮನುಷ್ಯನನ್ನು ಕಿಟಕಿಯಿಂದ ಹೊರಗೆಸೆಯುವುದು. 1618ರಲ್ಲಿ ಪ್ರಾಗ್ ನಗರದಲ್ಲಿ ನಿಜಕ್ಕೂ ಹಾಗೆ ಎಸೆದಿದ್ದರು. ತಿಳಿಯಿತು, ಅಲ್ಲಿಗೆ ಮುಗಿಯಿತು. 'ರನ್' ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಮೂಗೂ ರನ್, ಅಂಗಡಿಯೂ ರನ್, ಸೀರೆಯ ಬಣ್ಣ ಬಿಟ್ಟರೆ ಅದೂ ರನ್. ಈ ಒಂದು ಕ್ರಿಯಾಪದಕ್ಕೆ ಆಕ್ಸ್‌ಫರ್ಡ್ ನಿಘಂಟು 600ಕ್ಕೂ ಹೆಚ್ಚು ಅರ್ಥ ಕೊಡುತ್ತದೆ. ದಿನಬಳಕೆಯಲ್ಲಿ ಸವೆದ ಪದಕ್ಕೇ ಅರ್ಥದ ಸಂಪತ್ತು ಹೆಚ್ಚು ಎಂದು ನಾನು ನಂಬುತ್ತೇನೆ.

ಆ ಅರ್ಥಗಳನ್ನು ಯಾವ ಪಂಡಿತನೂ ಕೂತು ತೀರ್ಮಾನಿಸಿದ್ದಲ್ಲ. 1879ರಲ್ಲಿ ಆ ನಿಘಂಟಿನ ಸಂಪಾದಕರಾದ ಜೇಮ್ಸ್ ಮರ್ರೆ ಓದುಗರಿಗೆಲ್ಲ ಮನವಿ ಮಾಡಿಕೊಂಡರು: ಓದುವಾಗ ಕಂಡ ಪದವನ್ನು ವಾಕ್ಯದ ಸಮೇತ ಬರೆದು ಕಳಿಸಿ. ಕಾಗದದ ಚೀಟಿ, ಎಡಗಡೆ ಮೇಲೆ ಪದ, ಕೆಳಗೆ ಇಸವಿ, ಲೇಖಕ, ಪುಸ್ತಕ, ಪುಟ, ಆಮೇಲೆ ವಾಕ್ಯ. ಇಂಥ ಚೀಟಿಗಳು ಲಕ್ಷಗಟ್ಟಲೆ ಬಂದವು. ಆಕ್ಸ್‌ಫರ್ಡಿನ ತಮ್ಮ ಮನೆಯಂಗಳದ ತಗಡಿನ ಶೆಡ್ಡಿನಲ್ಲಿ ಮರ್ರೆ ಅವನ್ನು ಗೂಡುಗೂಡಾಗಿ ಜೋಡಿಸಿದರು. ಮರ್ರೆಯವರ ಮಕ್ಕಳೂ ಪುಡಿಗಾಸಿಗೆ ಚೀಟಿ ವಿಂಗಡಿಸಿದರು. ಕಳಿಸಿದವರಲ್ಲಿ ಹುಚ್ಚಾಸ್ಪತ್ರೆಯಲ್ಲಿ ಬಂಧಿಯಾಗಿದ್ದ ವೈದ್ಯ ವಿಲಿಯಂ ಮೈನರ್ ಇದ್ದರು, ಹಿಂದೊಮ್ಮೆ ಕಾಶಿಯಲ್ಲಿ ಸಂಸ್ಕೃತ ಕಲಿಸಿದ್ದ ಫಿಟ್ಸೆಡ್ವರ್ಡ್ ಹಾಲ್ ಇದ್ದರು. ಹೆಸರಿಲ್ಲದೆ ದುಡಿದವರೇ ಹೆಚ್ಚು. ಅವರನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ. (ನಮ್ಮ ಕಿಟ್ಟೆಲರೂ 1894ರ ತಮ್ಮ ಕನ್ನಡ ಕೋಶದಲ್ಲಿ ಕಾವ್ಯದ ಜೊತೆಗೆ ಜನರ ಬಾಯಲ್ಲಿನ ಗಾದೆಗಳನ್ನೂ ಆಧಾರವಾಗಿ ಕೊಟ್ಟರು.)

ಚೀಟಿಗಳನ್ನು ಇಸವಿಯ ಪ್ರಕಾರ ಇಟ್ಟರೆ ಪದದ ಬಾಳು ಕಣ್ಣಿಗೆ ಕಟ್ಟುತ್ತದೆ. 'ಸಿಲ್ಲಿ' ಹಳೆಯ ಇಂಗ್ಲಿಷಿನಲ್ಲಿ ದೈವಕೃಪೆಯುಳ್ಳವನು, ಸುಖಿ. ಕೃಪೆಯುಳ್ಳವನು ಮುಗ್ಧನಾದ, ಮುಗ್ಧನು ಪಾಪದವನಾದ, ಪಾಪದವನು ಕೈಲಾಗದವನಾದ, ಕಡೆಗೆ ಪೆದ್ದನಾದ. ಯಾವ ತಲೆಮಾರಿಗೂ ತಾನು ಅರ್ಥ ಬದಲಿಸುತ್ತಿದ್ದೇನೆಂಬ ಅರಿವಿರಲಿಲ್ಲ. ಒಳ್ಳೆಯತನವನ್ನು ಮೊದಲು ಕನಿಕರದಿಂದ, ಆಮೇಲೆ ತಾತ್ಸಾರದಿಂದ ನೋಡಿದ ಸಮಾಜವೊಂದು ಆ ಪದದಲ್ಲಿ ಉಳಿದುಹೋಗಿದೆ. ಇದನ್ನು ಓದಿದ ದಿನ ನನಗೆ ಪುಟ ತಿರುವಲು ಮನಸ್ಸಾಗಲಿಲ್ಲ.

ಮರ್ರೆ 1915ರಲ್ಲಿ ತೀರಿಕೊಂಡರು, ನಿಘಂಟು ಮುಗಿದದ್ದು 1928ರಲ್ಲಿ. ಅಷ್ಟು ಜೋಪಾನದ ನಡುವೆಯೂ ಒಂದು ಪದದ ಚೀಟಿಗಳು ಕಳೆದುಹೋಗಿ ಅದು ಅಚ್ಚಿನಿಂದ ತಪ್ಪಿತ್ತು: 'ಬಾಂಡ್‌ಮೇಡ್', ಅಂದರೆ ಜೀತದ ಹೆಂಗಸು. ಅವಳಿಗೆ ಜಾಗ ಸಿಕ್ಕಿದ್ದು 1933ರ ಪುರವಣಿಯಲ್ಲಿ.