ಅಮೃತಾಪುರಕ್ಕೆ ಹೋಗಿ ಚೀನೀ ರೋಸ್ಟ್ ತಿಂದು ಬಂದೆವು

ನಮ್ಮ ನಾದಿನಿಯನ್ನು ಕೊಟ್ಟಿರುವುದು ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ. ನಾವಿರುವುದು ಕಡೂರಿನಲ್ಲಿ. ಅಂಥ ದೂರವೇನಲ್ಲ, ಆದರೂ ಹೋಗುವುದು ಹಬ್ಬಕ್ಕೋ ಹರಿದಿನಕ್ಕೋ ಒಂದು ರಾತ್ರಿಯ ಮಟ್ಟಿಗೆ. ಕಳೆದ ತಿಂಗಳು ಮಕ್ಕಳಿಗೆ ರಜೆ ಬಂತು. ಎಪ್ಪತ್ನಾಲ್ಕು ವರ್ಷದ ನಮ್ಮ ಅತ್ತೆಯವರೂ “ಮಗಳ ಮನೆ ನೋಡಿ ಬರಾನ” ಎಂದು ಒಂದೇ ಸಮ ಹೇಳುತ್ತಿದ್ದರು. ಅಷ್ಟರಲ್ಲಿ ನಾದಿನಿಯ ಫೋನು.

“ಅತ್ತಿಗೆ, ತರೀಕೆರೆ ಕಡೆ ಹೋಗೋ ದಾರೀಲಿ ಹೊಸದಾಗಿ ಚೈನೀಸ್ ಹೋಟ್ಲು ಶುರುವಾಗಿದೆ. ಇಡೀ ಕೋಳೀನ ಕೊಕ್ಕೆಗೆ ನೇತು ಹಾಕಿ ಸುಡ್ತಾರಂತೆ! ಎಲ್ಲರೂ ಬನ್ನಿ, ಒಟ್ಟಿಗೆ ಹೋಗೋಣ.”

ಮಕ್ಕಳು ಕುಣಿದಾಡಿದರು. ಅತ್ತೆಯವರು ಮಾತ್ರ ಮುಖ ಸಿಂಡರಿಸಿದರು. “ಮಗಳ ಮನೆಗೆ ಹೋಗಿ ಹೋಟ್ಲಲ್ಲಿ ಬಾಡು ತಿನ್ನೋದಾ? ನಾನಂತೂ ಬರಲ್ಲ. ಅದೂ ದೇವಸ್ಥಾನಕ್ಕೆ ಹೋದ ದಿನ ಬಾಡು ಮುಟ್ಟಬಾರದು.” ಕೊನೆಗೆ ಶನಿವಾರ ದೇವಸ್ಥಾನ, ಭಾನುವಾರ ಹೋಟೆಲು ಎಂದು ರಾಜಿಯಾಯಿತು. ಹೋಟೆಲಿಗೆ ಬರುವ ವಿಚಾರವನ್ನು ಅತ್ತೆಯವರು ಬಾಯಿ ಬಿಟ್ಟು ಹೇಳಲಿಲ್ಲ.

ಅಮೃತಾಪುರವನ್ನು ನೋಡದ ಸೋದರಿಯರು ಒಮ್ಮೆ ನೋಡಲೇಬೇಕು. ತರೀಕೆರೆಯಿಂದ ಸುಮಾರು 10 ಕಿ.ಮೀ. ತೆಂಗು, ಅಡಿಕೆ ತೋಟಗಳ ನಡುವೆ ಅಮೃತೇಶ್ವರ ದೇವಾಲಯ ಸದ್ದಿಲ್ಲದೆ ನಿಂತಿದೆ. ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಇದನ್ನು 1196ರಲ್ಲಿ ಕಟ್ಟಿಸಿದ. ಬೇಲೂರು, ಹಳೇಬೀಡಿನ ನೂಕುನುಗ್ಗಲು ಇಲ್ಲಿಲ್ಲ. ಮಂಟಪದ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಗೋಡೆಯ ಮೇಲೆ ಚಿಕ್ಕ ಚಿಕ್ಕ ಫಲಕಗಳಲ್ಲಿ ಕಥೆಯೋ ಕಥೆ! ದಕ್ಷಿಣಕ್ಕೆ ರಾಮಾಯಣದ 70, ಉತ್ತರಕ್ಕೆ ಭಾಗವತದ 25, ಮಹಾಭಾರತದ 45. ನಾವು ದೇವರಿಗೆ ಪ್ರದಕ್ಷಿಣೆ ಬರುವ ದಿಕ್ಕಿಗೆ ಈ ರಾಮಾಯಣ ಓಡುವುದಿಲ್ಲ, ಎದುರು ದಿಕ್ಕಿನಲ್ಲಿ ಸಾಗುತ್ತದೆ. ಹೆಸರಾಂತ ಶಿಲ್ಪಿ ಮಲ್ಲಿತಮ್ಮ ಕೆಲಸ ಶುರು ಮಾಡಿದ್ದೂ ಇಲ್ಲಿಯೇ ಎನ್ನುತ್ತಾರೆ.

ಅಲ್ಲಿಯ ದೊಡ್ಡ ಶಿಲಾಶಾಸನದ ಪದ್ಯಗಳು ಜನ್ನ ಕವಿಯವು. ಪಿ.ಯು.ಸಿ. ಓದುವ ನನ್ನ ಮಗಳು ಸುಮ್ಮನಿರುವವಳಲ್ಲ. “ಅಜ್ಜಿ, ಈ ಜನ್ನನೇ ‘ಯಶೋಧರ ಚರಿತೆ’ ಬರೆದಿದ್ದು. ಅದರಲ್ಲಿ ಹಿಟ್ಟಿನ ಕೋಳಿ ಬಲಿ ಕೊಟ್ಟಿದ್ದಕ್ಕೇ ಎಷ್ಟೋ ಜನ್ಮ ಪಾಪ ಕಾಡುತ್ತೆ. ನಾಳೆ ನಾವು ನಿಜವಾದ ಕೋಳೀನೇ ತಿಂತೀವಿ!” ಎಂದಳು.

“ಹಂಗಾದ್ರೆ ನೀನು ಮೊಸರನ್ನ ತಿನ್ನು” ಎಂದರು ಅಜ್ಜಿ.

ಭಾನುವಾರ ಮಧ್ಯಾಹ್ನ ಎಂಟು ಜನ ಹೊರಟೆವು. ಅತ್ತೆಯವರೂ ಒಗೆದ ಸೀರೆಯುಟ್ಟು ಬಂದು, ಏನೂ ಮಾತಾಡದೆ ಕಾರಿನಲ್ಲಿ ಕುಳಿತರು. ದಾರಿಯಲ್ಲಿ ಮಾತ್ರ ನನ್ನ ಕಿವಿಯಲ್ಲಿ, “ಹೆಂಗಸ್ರು ಇರ್ತಾರೇನೇ ಅಲ್ಲಿ?” ಎಂದು ಕೇಳಿದರು. ಆಗ ನನಗೆ ಅರ್ಥವಾಯಿತು. ನಮ್ಮ ಮಾವನವರು ಬೀರೂರು ಸಂತೆಗೆ ಹೋದಾಗಲೆಲ್ಲ ಮಿಲ್ಟ್ರಿ ಹೋಟೆಲಿನಲ್ಲಿ ಉಂಡು ಬರುತ್ತಿದ್ದರಂತೆ. ಆ ಕಾಲದಲ್ಲಿ ನಮ್ಮ ಕಡೆ ಮಿಲ್ಟ್ರಿ ಹೋಟೆಲೆಂದರೆ ಗಂಡಸರ ಜಾಗ. ಮನೆಯಲ್ಲಿ ವಾರವಾರ ಬಾಡಿನಡಿಗೆ ಮಾಡಿದ ಅತ್ತೆಯವರು, ಹೋಟೆಲಿನಲ್ಲಿ ಕುಳಿತು ಒಂದು ತುತ್ತು ಬಾಡು ತಿಂದವರಲ್ಲ!

ಹೋಟೆಲೇನೂ ದೊಡ್ಡದಲ್ಲ. ಮುಂದೆ ಕೆಂಪು ಕಾಗದದ ಬುಟ್ಟಿದೀಪಗಳು, ಒಳಗೆ ಹತ್ತು ಮೇಜು. ಗಾಜಿನ ಹಿಂದೆ ಕೊಕ್ಕೆಗೆ ನೇತು ಹಾಕಿದ ಕೋಳಿಗಳು ಜೇನಿನ ಬಣ್ಣಕ್ಕೆ ತಿರುಗಿ ಮಿರಿಮಿರಿ ಮಿಂಚುತ್ತಿದ್ದವು. “ಹಂದಿ ಗಿಂದಿ ಇದ್ಯೇನಪ್ಪಾ?” ಎಂದು ಅತ್ತೆಯವರ ಮೊದಲ ಪ್ರಶ್ನೆ. “ಇಲ್ಲಜ್ಜಿ, ಇಲ್ಲಿ ಬರೀ ಕೋಳಿ” ಎಂದರು ಮಾಲೀಕರು.

ಅಡಿಗೆಯವನು ಡಾರ್ಜಿಲಿಂಗ್ ಕಡೆಯ ಹುಡುಗ. ಕೋಲ್ಕತ್ತದ ಟಾಂಗ್ರಾದಲ್ಲಿ ಕೆಲಸ ಕಲಿತವನಂತೆ. ಟಾಂಗ್ರಾ ಎಂದರೆ ಅಲ್ಲಿಯ ಚೀನೀಯರ ಕೇರಿ. ಹದಿನೆಂಟನೆಯ ಶತಮಾನದ ಕೊನೆಯಿಂದಲೂ ಚೀನೀಯರು ಆ ಊರಿನಲ್ಲಿ ನೆಲೆಸಿದ್ದಾರೆ. ನಾವು ಬೀದಿಬೀದಿಯಲ್ಲಿ ತಿನ್ನುವ ಗೋಬಿ ಮಂಚೂರಿ ಮಾತ್ರ ಚೀನಾದ್ದಲ್ಲ. ‘ಮಂಚೂರಿಯನ್’ ಎಂಬ ಅಡಿಗೆಯನ್ನು 1975ರಲ್ಲಿ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಮೊದಲು ಮಾಡಿದರು ಎನ್ನುತ್ತಾರೆ. ಈ ರೋಸ್ಟ್ ಹಾಗಲ್ಲ, ನಿಜವಾಗಿ ಅಲ್ಲಿಯದೇ. ದಕ್ಷಿಣ ಚೀನಾದ ಕ್ಯಾಂಟನ್ ಸೀಮೆಯಲ್ಲಿ ಬಾತುಕೋಳಿ, ಹಂದಿಮಾಂಸಗಳನ್ನು ಹೀಗೆ ಸುಟ್ಟು ಅಂಗಡಿಯಲ್ಲಿ ನೇತು ಹಾಕುತ್ತಾರೆ. ಮನೆಗಳಲ್ಲಿ ಒಲೆಯುಂಟು, ಓವನ್ ಇಲ್ಲ. ಹಾಗಾಗಿ ಅಲ್ಲಿಯ ಗೃಹಿಣಿ ರೋಸ್ಟನ್ನು ಅಂಗಡಿಯಿಂದ ತೂಕ ಮಾಡಿಸಿ ತರುತ್ತಾಳೆ, ನಾವು ಮೈಸೂರುಪಾಕು ತರುವ ಹಾಗೆ!

ನನಗೆ ಬಣ್ಣದ ಅನುಮಾನ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ನಮ್ಮ ರಾಜ್ಯದಲ್ಲಿ 2024ರ ಮಾರ್ಚಿಯಲ್ಲಿ ಆಜ್ಞೆಯಾಯಿತು. ಅದೇ ವರ್ಷ ಜೂನಿನಲ್ಲಿ ಕಬಾಬಿಗೂ ಆಯಿತು. ಕೇಳಿಯೇ ಬಿಟ್ಟೆ. ಹುಡುಗ ನಗುತ್ತಾ ಅಡಿಗೆಮನೆ ತೋರಿಸಿದ. ಕೋಳಿಯ ಚರ್ಮದ ಮೇಲೆ ಕುದಿಯುವ ನೀರು ಸುರಿಯುತ್ತಾನೆ, ಚರ್ಮ ಬಿಗಿಯಾಗುತ್ತದೆ. ವಿನೆಗರ್ ಮತ್ತು ಜೇನು ಸವರಿ, ರಾತ್ರಿಯಿಡೀ ತಣ್ಣಗಿರುವಲ್ಲಿ ಆರಲು ಬಿಡುತ್ತಾನೆ. ಆಮೇಲೆ ದೊಡ್ಡ ಡ್ರಮ್ಮಿನಂಥ ಒಲೆಯೊಳಗೆ ಕೆಂಡದ ಮೇಲೆ ನೇತು ಹಾಕುತ್ತಾನೆ. ಬಣ್ಣವೆಲ್ಲ ಜೇನು, ಸೋಯಾ ಸಾಸು, ಬ್ಯಾಡಗಿ ಮೆಣಸಿನಕಾಯಿಯದು.

ಮಸಾಲೆ ಡಬ್ಬಿ ಮುಚ್ಚಳ ತೆಗೆದಾಗ ಅತ್ತೆಯವರು ಮೂಗು ಮುಂದೆ ಮಾಡಿ, “ಇದು ಅನಾನಸ್ ಹೂವಲ್ವೇನೇ?” ಎಂದರು. ಹೌದು! ನಾವು ಪಲಾವಿಗೆ ಹಾಕುವ ಆ ನಕ್ಷತ್ರದಂಥ ಮೊಗ್ಗು ಮೂಲದಲ್ಲಿ ದಕ್ಷಿಣ ಚೀನಾ, ವಿಯೆಟ್ನಾಂ ಕಡೆಯದು. ಜೊತೆಗೆ ಲವಂಗ, ಚಕ್ಕೆ, ಸೋಂಪು. ಐದನೆಯದು ಅವರ ಸಿಚುವಾನ್ ಮೆಣಸು. ನಾಲಿಗೆ ಜುಮ್ಮೆನ್ನಿಸುವ ಅದು ಮಲೆನಾಡಿನವರ ಜುಮ್ಮನಕಾಯಿಯ ಬಂಧು. ಹುಡುಗ ಹುಣಸೆಮರದ ಕೊರಡಿನ ಮೇಲೆ ಕೋಳಿ ಇಟ್ಟು ಮೂಳೆ ಸಮೇತ ಕಚಕಚನೆ ಕೊಚ್ಚಿದಾಗ ಅತ್ತೆಯವರ ಬಿಗುಮಾನ ಅರ್ಧ ಇಳಿಯಿತು. “ನಮ್ಮಂಗೇ ಕಣೇ. ಚರ್ಮಾನೂ ಬಿಟ್ಟವ್ರೆ. ನಾಟಿ ಕೋಳಿ ಸುಟ್ಟು ಅರಿಶಿನ ಹಚ್ತೀವಲ್ಲ, ಹಂಗೆ.”

ಇಡೀ ಎರಡು ಕೋಳಿ ಹೇಳಿದೆವು, ಒಂದಕ್ಕೆ 560 ರೂಪಾಯಿ. ತಟ್ಟೆ ಬಂತು, ಕಾಲುಗಳನ್ನು ಮಾತ್ರ ಕೊಚ್ಚದೆ ಇಡಿಯಾಗಿ ಬಿಟ್ಟಿದ್ದ. ಹಿರಿಯರೆಂದು ಬಡಿಸುವವನು ಅತ್ತೆಯವರ ಮುಂದೆಯೇ ಇಟ್ಟ. ಅವರೋ, ಅಭ್ಯಾಸದಂತೆ ಎದ್ದು ನಿಂತು ಹಂಚತೊಡಗಿದರು. ಮಗನಿಗೊಂದು ಕಾಲು, ಅಳಿಯನಿಗೊಂದು ಕಾಲು, ಮೊಮ್ಮಕ್ಕಳಿಬ್ಬರಿಗೆ ಉಳಿದೆರಡು. ನನ್ನ ಮಗಳಿಗೆ ಎದೆ. ತಮ್ಮ ತಟ್ಟೆಗೆ ಕತ್ತು, ಬೆನ್ನು. ನನ್ನ ತಟ್ಟೆಗೂ ಅದೇ.

“ಅವ್ವಾ, ಕೂತ್ಕೋ. ಇಲ್ಲಿ ಬಡಿಸೋದು ನಿನ್ನ ಕೆಲಸ ಅಲ್ಲ” ಎಂದು ನಾದಿನಿ ಕೈಹಿಡಿದು ಕೂರಿಸಿದಳು. ನಮ್ಮವರು ಏನೂ ಹೇಳದೆ ತಮ್ಮ ತಟ್ಟೆಯ ಕಾಲನ್ನು ತೆಗೆದು ಅಮ್ಮನ ತಟ್ಟೆಗೆ ಇಟ್ಟರು. “ಬ್ಯಾಡ ಕಣೋ, ನಂಗೆ ಹಲ್ಲಿಲ್ಲ” ಎಂದರು. “ಬೆಣ್ಣೆ ಥರ ಬೆಂದಿದೆ, ತಿನ್ನವ್ವ.”

ಮಕ್ಕಳು ಕಡ್ಡಿ ಹಿಡಿದು ಸರ್ಕಸ್ ಮಾಡುತ್ತಿದ್ದರು. ಅತ್ತೆಯವರು ತಲೆ ತಗ್ಗಿಸಿ, ಕೈಯಲ್ಲೇ ಬಿಡಿಸಿಕೊಂಡು, ನಿಧಾನವಾಗಿ ತಿಂದರು. ಚರ್ಮ ಹಪ್ಪಳದಂತೆ ಗರಿಗರಿ, ಒಳಗೆ ಮೆತ್ತಗೆ, ಸಣ್ಣ ಸಿಹಿ. “ಹೆಂಗಿದೆ ಅಜ್ಜಿ?” ಎಂದರೆ “ಉಪ್ಪು ಕಮ್ಮಿ, ಖಾರ ಇಲ್ಲ” ಎಂದರು. ಮೂಳೆ ಮಾತ್ರ ಬೆಳ್ಳಗಾಗಿತ್ತು!

ರಾತ್ರಿ ಅಮೃತಾಪುರದಲ್ಲಿ ಹಾಸಿಗೆ ಹಾಸುವಾಗ ಮೆಲ್ಲಗೆ ಹೇಳಿದರು: “ಐವತ್ತೈದು ವರ್ಷ ಬಡಿಸಿದೀನಿ ಕಣೇ. ಕಾಲಿನ ತುಂಡು ಇಷ್ಟು ರುಚಿ ಅಂತ ಗೊತ್ತೇ ಇರಲಿಲ್ಲ.”

ನನಗೆ ಗಂಟಲು ಕಟ್ಟಿತು. ಯಾರೂ ಅವರಿಗೆ ತಿನ್ನಬೇಡ ಎಂದಿರಲಿಲ್ಲ, ನಿಜ. ಆದರೆ ಯಾರೂ ತಿನ್ನು ಎಂದೂ ಅಂದಿರಲಿಲ್ಲ. ಈ ಹತ್ತು ವರ್ಷದಿಂದ ಮನೆಯಲ್ಲಿ ಸೌಟು ಹಿಡಿದಿರುವವಳು ನಾನು. ಕಾಲು ಗಂಡಸರಿಗೆ, ಈಲಿ ಗುಂಡಿಗೆ ಮಕ್ಕಳಿಗೆ, ಉಳಿದದ್ದು ನಮಗಿಬ್ಬರಿಗೆ ಎಂದು ನಾನೂ ಹಂಚುತ್ತಾ ಬಂದೆನಲ್ಲ! ಈಗ ನಮ್ಮ ಮನೆಯಲ್ಲಿ ಕಾಲಿಗೆ ಸರದಿ ಇದೆ. ಮೊದಲ ಭಾನುವಾರ ಅತ್ತೆಯವರದು. ನನ್ನ ಸರದಿಯೂ ಬಂದು ಹೋಯಿತು.

ಮನೆಯಲ್ಲಿ ಮಾಡುವವರಿಗೆ ಸುಲಭದ ಕ್ರಮ: ಚರ್ಮ ಸಹಿತ ನಾಲ್ಕು ಕಾಲುಗಳಿಗೆ ಅಲ್ಲಲ್ಲಿ ಚುಚ್ಚಿ. ಒಂದು ಅನಾನಸ್ ಹೂ, ಎರಡು ಲವಂಗ, ಚೂರು ಚಕ್ಕೆ, ಅರ್ಧ ಚಮಚ ಸೋಂಪು, ಆರು ಕಾಳುಮೆಣಸು ಪುಡಿ ಮಾಡಿ. ಇದಕ್ಕೆ ಎರಡು ಚಮಚ ಸೋಯಾ ಸಾಸು, ಒಂದು ಚಮಚ ವಿನೆಗರ್, ಜಜ್ಜಿದ ಶುಂಠಿ ಬೆಳ್ಳುಳ್ಳಿ ಸೇರಿಸಿ ಹಚ್ಚಿ, ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಸೋಯಾದಲ್ಲೇ ಉಪ್ಪಿದೆ, ಬೇರೆ ಹಾಕುವಾಗ ಜೋಪಾನ. ದಪ್ಪ ತಳದ ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಆಗಾಗ ತಿರುವುತ್ತಾ ಅರ್ಧ ಗಂಟೆ ಬೇಯಿಸಿ. ಮೂಳೆಯ ಹತ್ತಿರ ಕೆಂಪು ರಸ ಕಂಡರೆ ಇನ್ನೂ ಬೇಯಬೇಕು. ಜೇನು ಬೇಗ ಸೀಯುತ್ತದೆ, ಕೊನೆಯಲ್ಲಿ ಒಂದು ಚಮಚ ಸವರಿದರೆ ಸಾಕು.

ಬಡಿಸುವಾಗ ನಿಮ್ಮ ತಟ್ಟೆಗೂ ಒಂದು ಕಾಲು ಹಾಕಿಕೊಳ್ಳಿ.