ಯಂತ್ರ ಗೆದ್ದ ಮೇಲೂ ನಾವು ಯಾಕೆ ಆಡಬೇಕು?



2025ರ ನವೆಂಬರಿನಲ್ಲಿ ಚೆಸ್ ವಿಶ್ವಕಪ್ ನಮ್ಮ ಗೋವಾದಲ್ಲೇ ನಡೆಯಿತು. ಆಗ ನಮ್ಮ ಯುವಕೂಟದಲ್ಲೂ ಚೆಸ್‌ನದ್ದೇ ಮಾತು. ಹತ್ತನೇ ತರಗತಿಯ ತಮ್ಮನೊಬ್ಬ ಕೇಳಿದ: "ಅಣ್ಣಾ, ಮೊಬೈಲ್ ಆ್ಯಪ್ ಚಾಂಪಿಯನ್ನನ್ನೇ ಸೋಲಿಸುತ್ತದಲ್ಲ, ಮತ್ತೆ ಇವರೆಲ್ಲ ಯಾಕೆ ಆಡ್ತಾರೆ? ಲೆಕ್ಕ, ಪ್ರಬಂಧ ಎಲ್ಲ ಅದೇ ಮಾಡುತ್ತೆ. ನಾವು ಯಾಕೆ ಕಲೀಬೇಕು?" ಅವನು ತಮಾಷೆಗೆ ಕೇಳಿದ್ದಲ್ಲ. ಅವನಪ್ಪ ಕೂಲಿ ಮಾಡಿ ಅವನನ್ನು ಓದಿಸುತ್ತಿದ್ದಾರೆ. ಹಾಗಾಗಿ ಉತ್ತರ ಹುಡುಕುವುದು ನಮ್ಮ ಜವಾಬ್ದಾರಿ ಎನಿಸಿತು.

ಅವನ ಮಾತಿನ ಮೊದಲ ಭಾಗ ನಿಜವೇ. 1996ರಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರನ್ನು ಗ್ಯಾರಿ ಕಾಸ್ಪರೋವ್ 4-2ರಿಂದ ಸೋಲಿಸಿದ್ದರು. ಮರುವರ್ಷವೇ ಅದು 3.5-2.5ರಿಂದ ಗೆದ್ದಿತು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿದ್ದ ದೊಡ್ಡ ಯಂತ್ರ ಅದು. 2006ರಲ್ಲಿ ಆಗಿನ ವಿಶ್ವ ಚಾಂಪಿಯನ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್‌ಗೆ 4-2ರಿಂದ ಸೋತರು. ಇಂದು ಉಚಿತವಾಗಿ ಸಿಗುವ ಸ್ಟಾಕ್‌ಫಿಶ್ ನಮ್ಮ ಜೇಬಿನ ಫೋನಿನಲ್ಲೇ ಅದಕ್ಕಿಂತ ಚೆನ್ನಾಗಿ ಆಡುತ್ತದೆ. ಮ್ಯಾಗ್ನಸ್ ಕಾರ್ಲ್‌ಸನ್ ಮುಟ್ಟಿದ ಅತಿ ಹೆಚ್ಚಿನ ರೇಟಿಂಗ್ 2882. ಯಂತ್ರಗಳ ಪಟ್ಟಿಯಲ್ಲಿ ಸ್ಟಾಕ್‌ಫಿಶ್‌ನ ರೇಟಿಂಗ್ 3600ರ ಆಸುಪಾಸು. ಎರಡೂ ಪಟ್ಟಿ ಬೇರೆ ಬೇರೆ, ನಿಜ. ಆದರೂ 700 ಅಂಕಗಳ ಅಂತರವೆಂದರೆ ನೂರು ಆಟಗಳಲ್ಲಿ ಬಲಶಾಲಿಗೆ ಸುಮಾರು 98 ಅಂಕ ಸಿಗುತ್ತದೆ ಎಂದು ಲೆಕ್ಕ.

ಅಷ್ಟಾದರೂ ಅರ್ಪೋರಾಕ್ಕೆ 206 ಆಟಗಾರರು ಬಂದರು. ಉಜ್ಬೇಕಿಸ್ತಾನದ 19 ವರ್ಷದ ಸಿಂದರೋವ್ ಚೀನಾದ ವೇ ಯಿ ಅವರನ್ನು ಟೈಬ್ರೇಕ್‌ನಲ್ಲಿ ಸೋಲಿಸಿ ವಿಶ್ವನಾಥನ್ ಆನಂದ್ ಹೆಸರಿನ ಕಪ್ ಎತ್ತಿದರು. ಇವರೆಲ್ಲ ಮನೆಯಲ್ಲಿ ಯಂತ್ರದೊಂದಿಗೇ ಅಭ್ಯಾಸ ಮಾಡುವವರು. ಆದರೆ ಆಟದ ಕೋಣೆಗೆ ಫೋನ್ ಒಯ್ಯುವಂತಿಲ್ಲ. ಅಲ್ಲಿ ತಲೆಯೊಳಗೆ ಉಳಿದದ್ದಷ್ಟೇ ನಮ್ಮದು.

ನಮ್ಮ ಗೋವಾದ ಲಿಯೊನ್ ಮೆಂಡೋನ್ಸಾ ಅವರನ್ನೇ ನೋಡಿ. 2020ರ ಲಾಕ್‌ಡೌನ್‌ನಲ್ಲಿ ತಂದೆಯ ಜೊತೆ ಹಂಗೇರಿಯಲ್ಲಿ ಸಿಕ್ಕಿಹಾಕಿಕೊಂಡರು. ಊರಿಗೆ ಮರಳಲಾಗದ ತಿಂಗಳುಗಳಲ್ಲಿ ಟೂರ್ನಿಯ ಮೇಲೆ ಟೂರ್ನಿ ಆಡಿದರು. ಆ ವರ್ಷದ ಡಿಸೆಂಬರಿನಲ್ಲಿ, ಇಟಲಿಯಲ್ಲಿ, 14ನೇ ವಯಸ್ಸಿಗೆ ಭಾರತದ 67ನೇ ಗ್ರ್ಯಾಂಡ್‌ಮಾಸ್ಟರ್ ಆದರು. ಸ್ಟಾಕ್‌ಫಿಶ್‌ಗೆ ಮನೆಯ ನೆನಪಾಗುವುದಿಲ್ಲ, ಸೋತ ರಾತ್ರಿ ನಿದ್ದೆ ಕೆಡುವುದಿಲ್ಲ. ಆ ಹುಡುಗ ಅವೆಲ್ಲವನ್ನೂ ದಾಟಿ ಮರುದಿನ ಮತ್ತೆ ಬೋರ್ಡಿನ ಮುಂದೆ ಕೂರಬೇಕಿತ್ತು. ಹಾಗೆ ಕೂತು ಗಳಿಸಿದ ತಾಳ್ಮೆಯನ್ನು ಯಾವ ಆ್ಯಪೂ ನಮಗೆ ಡೌನ್‌ಲೋಡ್ ಮಾಡಿಕೊಡದು.

ತಮ್ಮನಿಗೆ ನಾವು ಹೇಳಿದ್ದು ಇಷ್ಟೇ: ಕ್ರೇನ್ ನಮಗಿಂತ ಹೆಚ್ಚು ಭಾರ ಎತ್ತುತ್ತದೆ, ಹಾಗೆಂದು ನಾವು ವ್ಯಾಯಾಮ ಬಿಡುವುದಿಲ್ಲ. ಕಲಿಯುವುದು ಯಂತ್ರವನ್ನು ಗೆಲ್ಲಲಿಕ್ಕಲ್ಲ, ನಮಗೆ ದೇವರು ಕೊಟ್ಟ ಬುದ್ಧಿಯನ್ನು ಬೆಳೆಸಲಿಕ್ಕೆ.

ಈಗ ಭಾನುವಾರ ಪೂಜೆಯ ನಂತರ ಹಾಲ್‌ನಲ್ಲಿ ಮೂರು ಬೋರ್ಡ್ ಇಡುತ್ತಿದ್ದೇವೆ. ನಿಯಮ ಎರಡೇ. ಆಡುವಾಗ ಫೋನುಗಳು ಒಂದೇ ಡಬ್ಬಿಯಲ್ಲಿ. ಆಟ ಮುಗಿದ ಮೇಲೆ ಎಲ್ಲಿ ತಪ್ಪಿತೆಂದು ಇಬ್ಬರೂ ಮೊದಲು ತಾವೇ ಹೇಳಬೇಕು, ಆಮೇಲೆ ಯಂತ್ರವನ್ನು ಕೇಳಬಹುದು. ಬನ್ನಿ, ಆಡಲು ಬಾರದವರೂ ಬನ್ನಿ. ಕುದುರೆ ಹೇಗೆ ನಡೆಯುತ್ತದೆ ಎಂಬಲ್ಲಿಂದಲೇ ಶುರು ಮಾಡೋಣ.