ಕಡಲ ಕಡೆಗೆ ತಲೆಯಿಟ್ಟು

ಪಡುಗಡಲ ತೀರದಲ್ಲಿ ಹುಟ್ಟಿದವರಿಗೆ ಸಮುದ್ರವೆಂದರೆ ಸೂರ್ಯ ಮುಳುಗುವ ಜಾಗ. ಹಗಲಿನ ಕೆಲಸ ತೀರಿದ ಮೇಲೆ ಹೋಗಿ ನಿಲ್ಲುವುದು ಅಲ್ಲಿ. ತಮಿಳುನಾಡಿನ ಮೂಡುಗಡಲ ತೀರದ ತರಂಗಂಬಾಡಿಯಲ್ಲಿ ಇದು ಪೂರ್ತಿ ತಿರುವುಮುರುವು. ಅಲ್ಲಿ ದಿನ ಹುಟ್ಟುವುದೇ ನೀರಿನಿಂದ. ಇನ್ನೂ ಆರು ಗಂಟೆಯಾಗಿರುವುದಿಲ್ಲ, ಬಂಗಲೆಯ ಎತ್ತರದ ಮರದ ಬಾಗಿಲುಗಳ ಸಂದಿನಿಂದ ಬೆಳಕು ಗೆರೆಗೆರೆಯಾಗಿ ನೆಲಕ್ಕಿಳಿದು, ಮಂಚದ ಕಾಲು ಹತ್ತಿ, ಮುಖದ ಮೇಲೆ ಬಂದು ಕೂರುತ್ತದೆ. ಎದ್ದು ಜಗಲಿಗೆ ಬಂದರೆ ಇಡೀ ಮೂಡುಗಡಲು ತಾಮ್ರದ ಬಣ್ಣ. ದೋಣಿಗಳು ಆಗಲೇ ದೂರ ಹೋಗಿ ಚುಕ್ಕಿಗಳಾಗಿರುತ್ತವೆ.

ಬೆಂಗಳೂರಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಗ್ಗೆ ಮಯಿಲಾಡುದುರೈ. ಅಲ್ಲಿಂದ ಗದ್ದೆಗಳ ನಡುವೆ ಒಂದು ಗಂಟೆಯೊಳಗಿನ ದಾರಿ. ಕಾವೇರಿ ಕವಲು ಕವಲಾಗಿ ಒಡೆದು ಸಮುದ್ರ ಸೇರುವ ಬಯಲು ಇದು. ಕೊಡಗಿನಲ್ಲಿ ಬೊಗಸೆಯಷ್ಟಿದ್ದ ನೀರು ಇಲ್ಲಿ ಕಾಲುವೆ ಕಾಲುವೆಯಾಗಿ ಹರಿದು ಬತ್ತಕ್ಕೆ ಊಡಿ ಮುಗಿಯುವುದನ್ನು ನೋಡುತ್ತ ಹೋಗುವುದು ನಮ್ಮ ಕಡೆಯವರಿಗೆ ಬೇರೆಯದೇ ಅನುಭವ. ಗದ್ದೆ ಮುಗಿದಲ್ಲಿ 1792ರಲ್ಲಿ ಕಟ್ಟಿದ ಬಿಳಿಯ ಹೆಬ್ಬಾಗಿಲು. ಅದನ್ನು ದಾಟಿದರೆ ರಾಜಬೀದಿ. ಬೀದಿಯ ಇಕ್ಕೆಲಕ್ಕೂ ಚರ್ಚು, ಶಾಲೆ, ಕಂಬಗಳ ಜಗಲಿಯ ಹಳೆಯ ಮನೆಗಳು. ಬೀದಿ ಎಲ್ಲಿ ಸಮುದ್ರಕ್ಕೆ ಮುಟ್ಟುತ್ತದೋ ಅಲ್ಲಿ ನಾವು ಉಳಿದುಕೊಂಡ ಬಂಗಲೆ.

ಇದು ಹೋಟೆಲಾಗಲೆಂದು ಕಟ್ಟಿದ ಮನೆಯಲ್ಲ. ಡೇನರು 1620ರಲ್ಲಿ ತಂಜಾವೂರಿನ ರಘುನಾಥ ನಾಯಕನೊಡನೆ ಒಪ್ಪಂದ ಮಾಡಿಕೊಂಡು ಇಲ್ಲಿ ಡಾನ್ಸ್‌ಬೋರ್ಗ್ ಕೋಟೆ ಕಟ್ಟಿದರು. ನಾಯಕ ಡೆನ್ಮಾರ್ಕಿನ ದೊರೆಗೆ ಚಿನ್ನದ ತಗಡಿನ ಮೇಲೆ ತಮಿಳಿನಲ್ಲಿ ಬರೆಸಿ ಕಳಿಸಿದ ಪತ್ರ ಇಂದಿಗೂ ಅವರ ದೇಶದಲ್ಲಿದೆ. ಇನ್ನೂರಿಪ್ಪತ್ತೈದು ವರ್ಷ ಮೆಣಸು, ಬಟ್ಟೆಗಳ ವ್ಯಾಪಾರ ನಡೆಸಿ, ಅದು ಗಿಟ್ಟದಾದಾಗ 1845ರಲ್ಲಿ ಊರನ್ನು ಇಂಗ್ಲಿಷರಿಗೆ ಮಾರಿ ಹೊರಟರು. ಆಮೇಲೆ ಕೆಲವು ಕಾಲ ಇಂಗ್ಲಿಷ್ ಕಲೆಕ್ಟರು ವಾಸವಾಗಿದ್ದ ಮನೆ ಈ ಬಂಗಲೆ. ಜಿಲ್ಲೆಯ ಕಚೇರಿ ಬೇರೆಡೆಗೆ ಹೋಯಿತು, ರೈಲು ನಾಗಪಟ್ಟಣಕ್ಕೆ ಬಂತು, ಹಡಗುಗಳು ಅತ್ತ ತಿರುಗಿದವು. ತರಂಗಂಬಾಡಿ ಹಾಗೇ ಉಳಿಯಿತು. ಬಹಳ ವರ್ಷಗಳ ನಂತರ ಹಳೆಯ ಮನೆಗಳನ್ನು ಹೋಟೆಲಾಗಿಸುವ ನೀಮ್ರಾಣಾ ಸಂಸ್ಥೆ ಈ ಬಂಗಲೆಯನ್ನು ದುರಸ್ತಿ ಮಾಡಿ ಅತಿಥಿಗಳಿಗೆ ತೆರೆಯಿತು. ಕೋಣೆಗಳು ಬೆರಳೆಣಿಕೆಯಷ್ಟೇ. ಒಂದೊಂದಕ್ಕೂ ಈ ದಡಕ್ಕೆ ಬರುತ್ತಿದ್ದ ಒಂದೊಂದು ಡೇನಿಶ್ ಹಡಗಿನ ಹೆಸರು.

ಆ ಗೋಡೆಗಳನ್ನು ನಾನು ಮುಟ್ಟಿ ಮುಟ್ಟಿ ನೋಡಿದೆ. ತೋಳು ಚಾಚಿದರೂ ಅಳತೆಗೆ ಸಿಗದಂಥ ದಪ್ಪ, ಮೇಲೆ ಸುಣ್ಣದ ಗಾರೆ. ಸಮುದ್ರದ ಗಾಳಿಯಲ್ಲಿರುವ ಉಪ್ಪು ಯಾವ ಗೋಡೆಯನ್ನೂ ಬಿಡುವುದಿಲ್ಲ. ಆದರೆ ಸುಣ್ಣದ ಗಾರೆ ತೇವವನ್ನು ಹೀರಿಕೊಂಡು ಬಿಸಿಲಿಗೆ ಹಾಗೇ ಬಿಟ್ಟುಕೊಡುತ್ತದೆ. ಉಪ್ಪು ಹೊರಮೈಗೆ ಬಂದು ಪುಡಿಯಾಗಿ ಉದುರಿದರೆ ಅಲ್ಲೊಂದಿಷ್ಟು ಹೊಸ ಗಾರೆ ಮೆತ್ತಿದರಾಯಿತು. ಸಿಮೆಂಟಿನದು ಬೇರೆ ಕಥೆ. ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ. ಉಪ್ಪು ಒಳಗಿನ ಕಬ್ಬಿಣಕ್ಕೆ ತಲುಪಿ ತುಕ್ಕು ಹಿಡಿಸುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದ ಕಬ್ಬಿಣ ಕಾಂಕ್ರೀಟನ್ನೇ ಸೀಳಿ ಹಾಕುತ್ತದೆ. ನಮ್ಮ ಕರಾವಳಿಯಲ್ಲಿ ಕಟ್ಟಿ ಕೆಲವೇ ವರ್ಷಗಳಾದ ಕಟ್ಟಡಗಳ ತಾರಸಿ ಕಳಚಿ ಸರಳು ಹೊರಬಂದದ್ದನ್ನು ಎಷ್ಟು ಕಡೆ ನೋಡಿಲ್ಲ! ಕಡಲಿನ ಎದುರು ನಿಲ್ಲುವ ಮನೆಗೆ ಗಟ್ಟಿತನವೊಂದೇ ಸಾಲದು, ಬಿಟ್ಟುಕೊಡುವ ಗುಣವೂ ಬೇಕು. ಈ ಬಂಗಲೆಗೆ ಅದು ಇದೆ. ಸುತ್ತಲೂ ಜಗಲಿ, ಜಗಲಿಯುದ್ದಕ್ಕೂ ಬಾಗಿಲು. ಮಧ್ಯಾಹ್ನ ಕಡಲಿಂದ ಬೀಸುವ ಗಾಳಿ ಒಂದು ಕಡೆಯಿಂದ ನುಗ್ಗಿ, ಮೇಜಿನ ಮೇಲಿನ ಪತ್ರಿಕೆಯ ಹಾಳೆ ಮಗುಚಿ, ಇನ್ನೊಂದು ಕಡೆಯಿಂದ ಊರೊಳಗೆ ಹೋಗುತ್ತದೆ.

ಜೊತೆಯಲ್ಲಿ ಅಮ್ಮ ಇದ್ದಳು. ಕುಂದಾಪುರದ ಆಚೆಯ ಕಡಲ ತಡಿಯಲ್ಲಿ ಬೆಳೆದವಳು. ಮೊದಲ ರಾತ್ರಿ ಕೋಣೆಗೆ ಕಾಲಿಟ್ಟವಳೇ ಮಂಚ ನೋಡಿ, ಕಿಟಕಿ ನೋಡಿ, "ಹೆಣೇ, ಕಡಲ್ ಬಾಯಂಗೆ ಮಂಚ ಹಾಯ್ಕಂಡ್ ಯಾರಾರೂ ಮನಿಕಂತ್ರಾ?" ಎಂದಳು. ಅವಳ ತವರುಮನೆಯಿಂದ ಸಮುದ್ರ ಕೂಗಳತೆಯಲ್ಲಿತ್ತು, ಆದರೆ ಕಾಣುತ್ತಿರಲಿಲ್ಲ. ನಡುವೆ ತೆಂಗಿನ ತೋಟ, ಅದರಾಚೆ ಕೇದಗೆ ಮೆಳೆ, ಆಮೇಲೆ ಮರಳು. ಮನೆಯ ಮುಖ ಇದ್ದದ್ದು ಮೂಡಕ್ಕೆ, ಅಂಗಳದ ತುಳಸಿಯ ಕಡೆಗೆ. ಸಮುದ್ರಕ್ಕೆ ತೋರಿಸುತ್ತಿದ್ದುದು ಹಿತ್ತಿಲು ಮಾತ್ರ. ಸಮುದ್ರದಿಂದಲೇ ಹೊಟ್ಟೆ ತುಂಬಿಸಿಕೊಳ್ಳುವವರು ಯಾರೂ ಅದನ್ನು ನೋಡುತ್ತ ಕೂತಿರಬೇಕೆಂದು ಮನೆ ಕಟ್ಟಲಿಲ್ಲ. ಗಾಳಿಗೆ ಹೆದರಿ, ಮರಳಿಗೆ ಹೆದರಿ, ಆಷಾಢದ ಅಲೆಗೆ ಹೆದರಿ, ಒಂದಿಷ್ಟು ದೂರದಲ್ಲಿ ಮರೆಯಾಗಿ ಬಾಳಿದರು. ಸಮುದ್ರಕ್ಕೆ ಮುಖ ಮಾಡಿದ ಕೋಣೆಗೆ ಹೆಚ್ಚು ಬಾಡಿಗೆ ಎಂಬ ಮಾತು ಅಮ್ಮನ ಕಾಲದವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಅಮ್ಮನ ಅಂಜಿಕೆಗೆ ಸಾಕ್ಷಿ ಜಗಲಿಯಲ್ಲಿ ನಿಂತರೇ ಕಾಣುತ್ತದೆ. ಒಂದು ಮಗ್ಗುಲಿಗೆ ಡೇನರ ಕೋಟೆ, ಇನ್ನೊಂದು ಮಗ್ಗುಲಿಗೆ ಮಾಸಿಲಾಮಣಿ ನಾಥರ ದೇವಾಲಯ. ಹದಿನಾಲ್ಕನೆಯ ಶತಮಾನದ ಮೊದಲಲ್ಲಿ ಪಾಂಡ್ಯ ದೊರೆ ಮಾರವರ್ಮನ್ ಕುಲಶೇಖರನ ಕಾಲದಲ್ಲಿ ಕಟ್ಟಿದ್ದು. ಅದರ ಮುಂಭಾಗವನ್ನು ಸಮುದ್ರ ಯಾವತ್ತೋ ತಿಂದುಬಿಟ್ಟಿದೆ. ಉಳಿದದ್ದನ್ನು ಕಾಪಾಡಲು ಅಲೆಗೆ ಅಡ್ಡವಾಗಿ ದೊಡ್ಡ ದೊಡ್ಡ ಬಂಡೆಗಳನ್ನು ಪೇರಿಸಿದ್ದಾರೆ. ಅಮ್ಮ ದೇವರಿಗೆ ಕೈಮುಗಿದವಳು, ತಿರುಗಿ ಸಮುದ್ರಕ್ಕೂ ಕೈಮುಗಿದಳು. ಅವಳ ಮುಖ ನೋಡಿದರೆ ಎರಡನೆಯದು ಬೇಡಿಕೆಯಂತೆ ಕಾಣಲಿಲ್ಲ, ಹಳೆಯ ಪರಿಚಯದವರನ್ನು ಮಾತಾಡಿಸಿದ ಹಾಗಿತ್ತು.

ಬೆಳಗಿನ ತಿಂಡಿ ತಂದಿಡುತ್ತಿದ್ದ ಹುಡುಗ ಅದೇ ಊರಿನ ಮೀನುಗಾರರ ಮನೆಯವನು. ನನ್ನ ಹರುಕುಮುರುಕು ತಮಿಳಿಗೆ ನಗದೆ, ನಿಧಾನವಾಗಿ ಬಿಡಿಸಿ ಹೇಳುವ ತಾಳ್ಮೆ ಅವನಿಗಿತ್ತು. ಅಮ್ಮನನ್ನು "ಪಾಟಿ" ಎನ್ನುತ್ತಿದ್ದ, ನನ್ನನ್ನು "ಅಕ್ಕಾ". ಇಡ್ಲಿಯ ಜೊತೆ ಮೀನಿನ ಸಾರು ತರಲೇ ಎಂದು ಕೇಳಿದ ದಿನದಿಂದ ಅಮ್ಮನಿಗೂ ಅವನಿಗೂ ಗೆಳೆತನ. ಅಮ್ಮನ ಕಾಣೆ ಅವನಿಗೆ ಕಿಳಂಗಾನ್, ಅವಳ ಅಂಜಲ್ ಅವನಿಗೆ ವಂಜರಂ. ದಡದಲ್ಲಿ ಮೀನು ಸುರಿದು ಹರಾಜು ಕೂಗುವಾಗ ಅಮ್ಮ ಹೆಂಗಸರ ನಡುವೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮೀನಿನ ಕಿವಿರು ಎತ್ತಿ ಕೆಂಪು ನೋಡುತ್ತಿದ್ದಳು. ಅವರು ತಮಿಳಿನಲ್ಲಿ ಏನೋ ಕೇಳಿದರೆ ಇವಳು ಕುಂದಾಪ್ರ ಕನ್ನಡದಲ್ಲಿ ಏನೋ ಉತ್ತರಿಸುವಳು. ಯಾರಿಗೂ ಅಡ್ಡಿಯಾಗಲಿಲ್ಲ.

ಒಂದು ಬೆಳಗ್ಗೆ ಹುಡುಗನನ್ನು ಅವನ ಮನೆ ಎಲ್ಲಿ ಎಂದು ಕೇಳಿದೆ. ಅವನು ಕಡಲಿಗೆ ಬೆನ್ನು ಮಾಡಿ, ಊರಿನ ಆಚೆಗೆ, ಪಡುವಣಕ್ಕೆ ಕೈ ತೋರಿಸಿದ. 2004ರ ಡಿಸೆಂಬರ್ 26ರ ಭಾನುವಾರದ ತನಕ ದಡದಲ್ಲೇ ಇತ್ತಂತೆ. ಆವತ್ತು ಬಂದ ಸುನಾಮಿ ಆಗಿನ ನಾಗಪಟ್ಟಣ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. ಅಲೆಯಿಂದ 200 ಮೀಟರಿನೊಳಗೆ ಇದ್ದವರು ಹಳೆಯ ಜಾಗ ಸರ್ಕಾರಕ್ಕೆ ಬಿಟ್ಟುಕೊಟ್ಟರೆ ದೂರದಲ್ಲಿ ಹೊಸ ಮನೆ ಎಂಬ ಏರ್ಪಾಡು ಬಂತು. ತೀರದುದ್ದಕ್ಕೂ ಸಾಲು ಸಾಲು ಕಾಂಕ್ರೀಟು ಮನೆಗಳೆದ್ದವು. ಹುಡುಗನಿಗೆ ಆ ಅಲೆಯ ನೆನಪು ಹೆಚ್ಚೇನಿಲ್ಲ, ಆಗ ತೀರಾ ಸಣ್ಣವನು. ಅವನು ಹೇಳಿದ್ದು ಅಪ್ಪನ ವಿಷಯ. "ಮೊದಲು ಅಪ್ಪ ಮಲಗಿದಲ್ಲೇ ಅಲೆಯ ಸದ್ದು ಕೇಳಿ ಇವತ್ತು ಇಳಿಯಬಹುದೋ ಇಲ್ಲವೋ ಹೇಳಿಬಿಡುತ್ತಿದ್ದರು ಅಕ್ಕಾ. ಈಗ ರಾತ್ರಿ ಎರಡಕ್ಕೆದ್ದು ಬೈಕಿನಲ್ಲಿ ಇಲ್ಲಿಗೆ ಬರಬೇಕು. ಬಂದು, ಸದ್ದು ಕೇಳಿ, ಆಗುವುದಿಲ್ಲ ಅಂತ ತಿರುಗಿ ಹೋಗುವುದೂ ಉಂಟು."

ಈ ಮಾತು ನನ್ನನ್ನು ಬಿಡಲಿಲ್ಲ. ಆ ಸದ್ದು ಈಗ ಕೇಳುತ್ತಿರುವುದು ನನಗೆ. ಕಡಲ ಕಡೆಗೆ ತಲೆಯಿಟ್ಟು ಮಲಗಿದವಳು ನಾನು. ಅಲೆ ಯಾವಾಗ ಉದ್ದಕ್ಕೆಳೆಯುತ್ತದೆ, ಯಾವಾಗ ಕುಟ್ಟುತ್ತದೆ, ಕುಟ್ಟಿದರೆ ಏನರ್ಥ ಎಂಬುದನ್ನು ಓದಬಲ್ಲ ಮನುಷ್ಯ ಮಾತ್ರ ಅದರಿಂದ ದೂರದಲ್ಲಿ, ಫ್ಯಾನಿನ ಸದ್ದಿನಲ್ಲಿ ಮಲಗಿದ್ದಾನೆ. ಬೆಳಗಿನ ಜಾವ ನೆಲದಿಂದ ಕಡಲಿಗೆ ಬೀಸುವ ಗಾಳಿಗೆ ಕಟ್ಟುಮರ ಬಿಟ್ಟು, ಮಧ್ಯಾಹ್ನ ಕಡಲಿಂದ ಬೀಸುವ ಗಾಳಿಗೆ ದಡ ಸೇರುತ್ತಿದ್ದವರ ವಂಶ ಅವರದು. ಇಂಜಿನ್ ಬಂದ ಮೇಲೆ ಗಾಳಿ ಕಾಯಬೇಕಿಲ್ಲ ನಿಜ, ಅಲೆಯನ್ನಂತೂ ಕೇಳಲೇಬೇಕು.

ಮನೆಗಳನ್ನು ಹಿಂದಕ್ಕೆ ಒಯ್ದದ್ದು ತಪ್ಪು ಎನ್ನಲಾರೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರು ತಾವೇ ದಡ ಬೇಡವೆಂದಿದ್ದರೆ ಅದನ್ನು ಪ್ರಶ್ನಿಸಲು ನಾನು ಯಾರು? ನನ್ನನ್ನು ಕಾಡುವುದು ಅದರ ಮುಂದಿನದು. ಅವರಿಗೆ ಅಪಾಯವೆಂದು ಖಾಲಿ ಮಾಡಿಸಿದ ನೆಲ ನಮ್ಮಂಥವರಿಗೆ ವಿಹಾರದ ನೆಲ ಆಗುವುದು ಹೇಗೆ? ಕಲೆಕ್ಟರ ಬಂಗಲೆಯ ಮಾತು ಬೇರೆ. ಅದು ಯಾರನ್ನೂ ಈಗ ಎಬ್ಬಿಸಿ ಬಂದು ಕೂತದ್ದಲ್ಲ, ಎಷ್ಟೋ ಕಾಲದಿಂದ ಇದ್ದಲ್ಲೇ ಇದೆ. ಕೋಣೆಗಳು ಕೆಲವೇ ಆದ್ದರಿಂದ ಊರಿನ ನೀರೂ ದಾರಿಯೂ ಅದಕ್ಕೆಂದೇ ಮುಡಿಪಾಗಿಲ್ಲ. ಈಜುಕೊಳ, ಅಂಗಡಿ ಸಾಲು, ರಾತ್ರಿಯ ಗದ್ದಲ ಎಲ್ಲ ಒಳಗೇ ಇರುವ ದೊಡ್ಡ ರೆಸಾರ್ಟಿನಲ್ಲಿ ಅತಿಥಿಗೆ ಹೊರಗೆ ಕಾಲಿಡುವ ಕಾರಣವೇ ಇರುವುದಿಲ್ಲ. ಇಲ್ಲಿ ಹೊರಗೆ ಬರದೆ ದಾರಿಯೇ ಇಲ್ಲ. ಬೇಸರವಾದರೆ ರಾಜಬೀದಿಗೆ ಇಳಿಯಬೇಕು, ಚಹಾ ಬೇಕೆಂದರೆ ಮೂಲೆಯ ಅಂಗಡಿಗೆ ಹೋಗಬೇಕು, ಪಕ್ಕದ ಶಾಲೆ ಬಿಟ್ಟಾಗ ಮಕ್ಕಳ ಗುಂಪಿಗೆ ದಾರಿ ಬಿಟ್ಟು ನಿಲ್ಲಬೇಕು.

ಹಾಗೆ ಅಲೆಯುವಾಗಲೇ ಚರ್ಚಿನೊಳಗೆ ಸೀಗನ್‌ಬಾಲ್ಗನ ಸಮಾಧಿ ಸಿಕ್ಕಿತು. 1706ರ ಜುಲೈಯಲ್ಲಿ ಇಲ್ಲಿ ಇಳಿದ ಜರ್ಮನ್ ಪಾದ್ರಿ. ಊರ ಮಕ್ಕಳ ಜೊತೆ ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದಿ ತಮಿಳು ಕಲಿತವನು. ಡೇನಿಶ್ ಅಧಿಕಾರಿಗಳಿಗೇ ಎದುರು ಬಿದ್ದು ಇದೇ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆಯಲ್ಲಿದ್ದ. ಆಮೇಲೆ ಅಚ್ಚುಕೂಟ ತರಿಸಿ 1715ರಲ್ಲಿ ತಮಿಳಿನ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. ಮೂವತ್ತಾರಕ್ಕೇ ತೀರಿಕೊಂಡ. ಕನ್ನಡತಿಯಾಗಿ ನನಗೆ ಅಲ್ಲಿ ನೆನಪಾದದ್ದು ಡೇನರ ಇನ್ನೊಂದು ನೆಲೆ, ಬಂಗಾಳದ ಸೆರಾಂಪುರ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಆ ಊರಿನಲ್ಲಿ. 1845ರಲ್ಲಿ ಎರಡೂ ಊರುಗಳು ಒಂದೇ ಕ್ರಯದಲ್ಲಿ ಇಂಗ್ಲಿಷರ ಕೈಸೇರಿದವು. ನಮ್ಮ ಅಕ್ಷರಗಳು ಅಚ್ಚಿನ ಮೊಳೆಗೆ ಏರಿದ ಕಥೆಯಲ್ಲಿ ಈ ಸಣ್ಣ ವ್ಯಾಪಾರಿಗಳಿಗೂ ಒಂದು ಮೂಲೆ ಸಲ್ಲುತ್ತದೆ. ಹೋಟೆಲಿನ ಗೋಡೆಯೊಳಗೇ ಕೂತಿದ್ದರೆ ಇದು ನನ್ನ ತಲೆಗೆ ಬರುತ್ತಲೇ ಇರಲಿಲ್ಲ.

ಇದನ್ನೆಲ್ಲ ಯೋಚಿಸುವಾಗ ಮನಸ್ಸು ಮತ್ತೆ ಮತ್ತೆ ಪಡುಗಡಲಿಗೇ ಹೋಗುತ್ತಿತ್ತು. ಕರಾವಳಿ ನಿಯಂತ್ರಣ ವಲಯದ 2011ರ ನಿಯಮ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ತನಕ ಹೊಸ ಕಟ್ಟಡಕ್ಕೆ ತಡೆ ಹಾಕಿತ್ತು. 2019ರ ಅಧಿಸೂಚನೆ ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಲು ದಾರಿ ಮಾಡಿಕೊಟ್ಟಿತು. ಮನೆ ಕಟ್ಟಿಕೊಳ್ಳಲು ಜಾಗವಿಲ್ಲದ ಮೀನುಗಾರರಿಗೆ ಇದರಿಂದ ಅನುಕೂಲವಾದರೆ ಸಂತೋಷವೇ. ಆದರೆ ಆ ಜಾಗ ಕೊಳ್ಳಲು ದುಡ್ಡು ಹಿಡಿದು ನಿಂತಿರುವವರು ಮೀನುಗಾರರಲ್ಲ. ಉಳ್ಳಾಲದಿಂದ ಕಾರವಾರದ ತನಕ ಮಳೆಗಾಲದಲ್ಲಿ ಎಲ್ಲೆಲ್ಲಿ ಕಡಲು ಕೊರೆಯುತ್ತದೆ, ಎಲ್ಲೆಲ್ಲಿ ಕಲ್ಲು ಸುರಿಯುತ್ತಾರೆ ಎಂಬುದು ಪ್ರತಿವರ್ಷ ಪತ್ರಿಕೆಯಲ್ಲಿ ಬರುತ್ತದೆ. ಅದೇ ದಡದಲ್ಲಿ ಸಮುದ್ರಕ್ಕೆ ಮುಖ ಮಾಡಿದ ಕೋಣೆಗಳ ಜಾಹೀರಾತೂ ಬರುತ್ತದೆ.

ಹೊಸತು ಕಟ್ಟಲೇಬೇಕೆಂದಿಲ್ಲ. ರವೀಂದ್ರನಾಥ ಠಾಕೂರರು ಹರೆಯದಲ್ಲಿ ಕಾರವಾರಕ್ಕೆ ಬಂದಾಗ ಉಳಿದದ್ದು ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಂಗಲೆಯಲ್ಲಿ. ಕಡಲು ಎದುರಿಗೇ ಇತ್ತು, ಅಲ್ಲೇ ಒಂದು ನಾಟಕ ಬರೆದರು. ಅಂಥ ಹಳೆಯ ಬಂಗಲೆಗಳು, ಬಂದರಿನ ಕಚೇರಿಗಳು, ಹಂಚಿನ ಉಗ್ರಾಣಗಳು, ವ್ಯಾಪಾರಸ್ಥರ ಉಪ್ಪರಿಗೆ ಮನೆಗಳು ನಮ್ಮ ಬಂದರು ಊರುಗಳಲ್ಲಿ ಇನ್ನೂ ನಿಂತಿವೆ. ಕೆಲವು ಬೀಗ ಬಿದ್ದು, ಕೆಲವು ಮಾಡು ಕುಸಿದು. ಅವುಗಳಿಗೆ ಸುಣ್ಣದ ಗಾರೆ ಗೊತ್ತಿರುವ ಮೇಸ್ತ್ರಿಯನ್ನು ಹುಡುಕಿ ತರಲಿ. ಕೋಣೆ ಆರೋ ಎಂಟೋ ಸಾಕು. ಮೀನು ಅದೇ ದಡದ್ದಾಗಲಿ, ದೋಣಿ ಇಳಿಯುವಂತಿಲ್ಲದ ಮಳೆಗಾಲದ ತಿಂಗಳುಗಳಲ್ಲಿ ಒಣಮೀನೇ ಬಡಿಸಲಿ, ಅದರ ದುಡ್ಡು ಅದೇ ಕೇರಿಯ ಹೆಂಗಸರಿಗೆ ಹೋಗಲಿ. ದೋಣಿ ಎಳೆದಿಡುವ, ಬಲೆ ಹರವುವ ಜಾಗದಲ್ಲಿ ಕುರ್ಚಿ ಹಾಕುವುದು ಬೇಡ. ಕಡಲಿಗೆ ಇಳಿಯುವ ದಾರಿಗೆ ಗೇಟಂತೂ ಬೇಡವೇ ಬೇಡ. ರಾತ್ರಿ ಎರಡು ಗಂಟೆಗೆ ಯಾರಾದರೂ ಬೈಕು ನಿಲ್ಲಿಸಿ ಅಲೆಯ ಸದ್ದು ಕೇಳಲು ಬಂದರೆ, ಯಾರು ಏನು ಎಂದು ಕೇಳುವ ಕಾವಲುಗಾರ ಅಲ್ಲಿರಬಾರದು.